ಗಾಳಿ ನೋಡಿ ಕೈಬಿಡಿ

ರಿಮೋಟಿನಲ್ಲಿ ಗ್ಲೈಡರ್ ಹಾರಿಸುವ ನಮ್ಮ ಗುಂಪಿಗೆ ಹೊಸದಾಗಿ ಬರುವ ಹುಡುಗ ಹುಡುಗಿಯರು ಕೇಳುವ ಮೊದಲ ಪ್ರಶ್ನೆ, "ಸಾರ್, ಇದು ಎಷ್ಟು ಎತ್ತರ ಹೋಗುತ್ತೆ?" ಎರಡನೆಯದು, "ಎಷ್ಟು ಸ್ಪೀಡು?" ಇಪ್ಪತ್ತರ ವಯಸ್ಸಿನವರು ಅದನ್ನು ಕೇಳದೆ ಇನ್ನೇನು ಕೇಳುತ್ತಾರೆ! ಆದರೆ ಗ್ಲೈಡರಿಗೆ ಎಂಜಿನ್ ಇಲ್ಲ, ಮಕ್ಕಳೇ. ಅದು ತಾನಾಗಿ ಎತ್ತರಕ್ಕೆ ಹೋಗುವುದೇ ಇಲ್ಲ. ನಿಮ್ಮ ಕೈ ಬಿಟ್ಟ ಗಳಿಗೆಯಿಂದ ಇಳಿಯುತ್ತಲೇ ಇರುತ್ತದೆ. ಒಳ್ಳೆಯ ರೇಡಿಯೊ ಗ್ಲೈಡರ್ ಕೂಡ ಅಲುಗಾಡದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು ಅರ್ಧ ಮೀಟರಿನಷ್ಟು ಕೆಳಗಿಳಿಯುತ್ತದೆ. 30 ಮೀಟರ್ ಮೇಲಕ್ಕೆ ಎಸೆದರೆ ಒಂದು ನಿಮಿಷಕ್ಕೆ ನೆಲ ಸೇರಿತು, ಅಷ್ಟೇ. ಆ ಒಂದು ನಿಮಿಷ ಹತ್ತು ನಿಮಿಷವಾಗಬೇಕು, ಅರ್ಧ ಗಂಟೆಯಾಗಬೇಕು ಎಂದರೆ ಅದು ಇಳಿಯುವುದಕ್ಕಿಂತ ಜೋರಾಗಿ ಮೇಲಕ್ಕೇಳುತ್ತಿರುವ ಗಾಳಿಯೊಳಗೆ ಅದನ್ನು ನಿಲ್ಲಿಸಬೇಕು. ಗ್ಲೈಡರ್ ಅಲ್ಲೂ ಇಳಿಯುತ್ತಲೇ ಇರುತ್ತದೆ; ಗಾಳಿ ಅದನ್ನು ಹೊತ್ತುಕೊಂಡು ಏರುತ್ತದೆ. ಅಂಥ ಗಾಳಿ ಎಲ್ಲಿದೆ, ಯಾವಾಗ ಏಳುತ್ತದೆ, ಎತ್ತ ಸರಿಯುತ್ತದೆ ಎಂದು ಗೊತ್ತುಮಾಡಿಕೊಳ್ಳುವುದೇ ಈ ಹವ್ಯಾಸ. ಉಳಿದದ್ದೆಲ್ಲ ಅಂಟು, ಫೋಮು, ಬ್ಯಾಟರಿ.

ಇದನ್ನು ಹೇಳುವುದಕ್ಕೇ ಈ ಮಾತು ಬರೆಯುತ್ತಿದ್ದೇನೆ. ಮೈದಾನದಲ್ಲಿ ನಿಂತು ಹೇಳಿದರೆ ನಿಮ್ಮ ಕಣ್ಣು ಮೇಲಿರುತ್ತದೆ, ಕಿವಿ ಎಲ್ಲೋ ಇರುತ್ತದೆ.

ನಮ್ಮದು ಬೋರ್ಡು, ನೋಂದಣಿ, ಅಧ್ಯಕ್ಷರು ಇರುವ ಸಂಘವಲ್ಲ. ಕನಕಪುರ ರಸ್ತೆಯ ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಇನ್ನೂ ಶೆಡ್ ಏಳದ ನಿವೇಶನಗಳಲ್ಲಿ ಭಾನುವಾರ ಸೇರುವ ಕೆಲವೇ ಜನ. ಐಟಿಐ ಮುಗಿಸಿ ಅಪ್ರೆಂಟಿಸ್ ಆಗಿರುವವರು, ಸಿಎನ್‌ಸಿ ಮುಂದೆ ಶಿಫ್ಟ್ ಮಾಡುವವರು, ದೇವರಕಗ್ಗಲಹಳ್ಳಿಯ ದಯಾನಂದ ಸಾಗರ್ ವಿಶ್ವವಿದ್ಯಾಲಯದ ಕಡೆಯಿಂದ, ಜಕ್ಕಸಂದ್ರದ ಜೈನ್ ಕಡೆಯಿಂದ ಬರುವ ಏರೋಸ್ಪೇಸ್ ವಿದ್ಯಾರ್ಥಿಗಳು, ನನ್ನಂಥ ನಿವೃತ್ತರು ಒಬ್ಬಿಬ್ಬರು. ಪುಸ್ತಕದಲ್ಲಿ ಲಿಫ್ಟ್, ಡ್ರ್ಯಾಗ್ ಓದಿದವರೂ ಫೈಲು ಹಿಡಿದು ಕಬ್ಬಿಣ ಉಜ್ಜಿದವರೂ ಒಂದೇ ನೆಲದ ಮೇಲೆ ಕೂತು ಒಂದೇ ರೆಕ್ಕೆಗೆ ಟೇಪು ಹಾಕುವ ಜಾಗ ಇದು. ಇಂಥ ಜಾಗಗಳು ಹೆಚ್ಚಿಲ್ಲ. ಇದನ್ನು ಬೆಲೆಯುಳ್ಳದ್ದೆಂದು ತಿಳಿಯಿರಿ.

ಮೊದಲು ಈ ಜಾಗವನ್ನೇ ಓದಲು ಕಲಿಯಿರಿ. ಹತ್ತು ಗಂಟೆಯ ಬಿಸಿಲಿಗೆ ಇಲ್ಲಿ ಎಲ್ಲವೂ ಒಂದೇ ಸಮ ಕಾಯುವುದಿಲ್ಲ. ಫ್ಯಾಕ್ಟರಿಗಳ ಶೀಟಿನ ಚಾವಣಿ, ಡಾಂಬರು ರಸ್ತೆ, ಲಾರಿ ನಿಲ್ಲಿಸುವ ಕಾಂಕ್ರೀಟ್ ಅಂಗಳ, ಬೋಳು ಬಂಡೆ, ಜೆಸಿಬಿ ಕೆರೆದು ಬಿಟ್ಟ ಕೆಂಪು ಮಣ್ಣು ಬೇಗ ಕಾಯುತ್ತವೆ. ಹಿಪ್ಪುನೇರಳೆ ತೋಟ, ತೆಂಗಿನ ತೋಟ, ಕೆರೆಯ ನೀರು, ಹಸಿ ಇರುವ ರಾಗಿ ಹೊಲ ತಡವಾಗಿ ಕಾಯುತ್ತವೆ. ಕಾದ ನೆಲದ ಮೇಲಿನ ಗಾಳಿ ಹಗುರಾಗುತ್ತದೆ, ಒಂದಷ್ಟು ಹೊತ್ತು ನೆಲಕ್ಕೇ ಅಂಟಿಕೊಂಡಿರುತ್ತದೆ, ಆಮೇಲೆ ಒಲೆಯ ಮೇಲಿಟ್ಟ ಪಾತ್ರೆಯ ತಳದಿಂದ ಗುಳ್ಳೆ ಬಿಡಿಸಿಕೊಂಡು ಏಳುವ ಹಾಗೆ ಏಳುತ್ತದೆ. ಅದನ್ನೇ ನಾವು ಥರ್ಮಲ್ ಎನ್ನುವುದು. ಅದು ಬಿಟ್ಟೇಳಲು ಒಂದು ನೆಪ ಬೇಕು. ಶೆಡ್ಡಿನ ಅಂಚು, ನೀಲಗಿರಿ ತೋಪಿನ ಸಾಲು, ಕಾಂಪೌಂಡ್ ಗೋಡೆ, ಬಿಸಿಲು ಮುಗಿದು ನೆರಳು ಶುರುವಾಗುವ ಗೆರೆ ಇವೇ ಆ ನೆಪಗಳು. ಏಳುವ ಗಾಳಿಯ ಸುತ್ತ ಇಳಿಯುವ ಗಾಳಿಯೂ ಇರಲೇಬೇಕು. ಆದ್ದರಿಂದ ನಿಮ್ಮ ಗ್ಲೈಡರ್ ಇದ್ದಕ್ಕಿದ್ದ ಹಾಗೆ ಕುಸಿಯತೊಡಗಿದರೆ ಹತ್ತಿರದಲ್ಲೇ ಎಲ್ಲೋ ಏರುವ ಗಾಳಿ ಇದೆ ಎಂದು ಲೆಕ್ಕ ಹಾಕಿ. ಗಾಬರಿಯಾಗಿ ರಿಮೋಟಿನ ಕಡ್ಡಿಯನ್ನು ಹಿಂದಕ್ಕೆಳೆದು ಮೂಗೆತ್ತಿಸಿದರೆ ವೇಗ ಸತ್ತು ಇನ್ನೂ ಬೇಗ ಬೀಳುತ್ತದೆ. ಮೂಗು ಸ್ವಲ್ಪ ತಗ್ಗಿಸಿ, ವೇಗ ಹಿಡಿಸಿ, ಆ ಜಾಗ ದಾಟಿಸಿಬಿಡಿ.

ಎಸೆಯುವುದಕ್ಕೆ ಮುಂಚೆ ಐದು ನಿಮಿಷ ಸುಮ್ಮನೆ ನಿಲ್ಲಿ ಎಂದು ನಾನು ಹೇಳಿದರೆ ನೀವು ಮುಖ ಮುಖ ನೋಡಿಕೊಳ್ಳುತ್ತೀರಿ. ಆ ಐದು ನಿಮಿಷದಲ್ಲಿ ನೋಡುವುದು ಬೇಕಾದಷ್ಟಿದೆ. ಕೆನ್ನೆಗೆ ತಾಗುತ್ತಿದ್ದ ಗಾಳಿ ಒಮ್ಮೆಗೇ ನಿಂತು, ಅಥವಾ ಹಿಂದುಗಡೆಯಿಂದ ಬೀಸಿ, ಮೈ ಸ್ವಲ್ಪ ಬೆಚ್ಚಗಾದರೆ ನಿಮ್ಮ ಎದುರಿಗೇ ಒಂದು ಥರ್ಮಲ್ ಎದ್ದಿತು, ಅದು ಸುತ್ತಲಿನ ಗಾಳಿಯನ್ನು ತನ್ನತ್ತ ಎಳೆದುಕೊಳ್ಳುತ್ತಿದೆ ಎಂದರ್ಥ. ಹುಲ್ಲಿನ ತೆನೆ ಯಾವ ಕಡೆ ಬಾಗಿದೆ, ನೀಲಗಿರಿಯ ಎಲೆ ಯಾವ ಎತ್ತರದಲ್ಲಿ ಹೊಳೆಯುತ್ತಿದೆ, ಪ್ಲಾಸ್ಟಿಕ್ ಚೂರೊಂದು ಸುತ್ತುತ್ತಾ ಏರುತ್ತಿದೆಯೇ ನೋಡಿ. ಹಾಗೆ ತಲೆಯೆತ್ತಿ ಹದ್ದುಗಳನ್ನು ನೋಡಿ. ಹದ್ದು ರೆಕ್ಕೆ ಬಡಿಯದೆ ಸುತ್ತು ಹೊಡೆಯುತ್ತಿದ್ದರೆ ಅದು ನಿಮಗೆ ಬರೆದುಕೊಟ್ಟ ವಿಳಾಸ. ಬಾನಾಡಿಗಳು ಒಂದೇ ಕಡೆ ಗುಂಪಾಗಿ ಹಾರಾಡುತ್ತಿದ್ದರೂ ಅಷ್ಟೆ. ಬಿಸಿಗಾಳಿ ನೆಲದಿಂದ ಎತ್ತಿಕೊಂಡು ಹೋದ ಹುಳುಗಳನ್ನು ಅವು ಹಿಡಿಯುತ್ತಿರುತ್ತವೆ. ಹಕ್ಕಿ ಇರುವ ಕಡೆ ಹೋದಾಗ ಅದು ಸುತ್ತುವ ದಿಕ್ಕಿಗೇ ನೀವೂ ಸುತ್ತಿ, ಅದರ ಮೈಮೇಲೆ ಬೀಳುವಷ್ಟು ಹತ್ತಿರ ಹೋಗಬೇಡಿ. ಆಕಾಶಕ್ಕೆ ಅದು ನಮಗಿಂತ ಹಿರಿಯದು.

ಹಕ್ಕಿ ನೋಡಿ ಕಲಿಯುವುದು ಮಕ್ಕಳಾಟ ಎಂದುಕೊಳ್ಳಬೇಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸುಮಾರು ಎರಡು ದಶಕಗಳ ಕಾಲ ನಡೆಸಿದ, ಇಸ್ರೊ ಅಧ್ಯಕ್ಷರೂ ಆಗಿದ್ದ ಸತೀಶ್ ಧವನ್ ಅವರು ರಾಕೆಟ್ಟಿನ ಕೆಲಸದ ನಡುವೆ ಪುಲಿಕಾಟ್ ಸರೋವರದ ಹಕ್ಕಿಗಳನ್ನು ನೋಡಿದವರು, ಹಕ್ಕಿಗಳ ಹಾರಾಟದ ಮೇಲೆ ಪುಸ್ತಕವನ್ನೇ ಬರೆದವರು. ನಮ್ಮ ಜಿಲ್ಲೆಯಲ್ಲೇ ಇನ್ನೂ ದೊಡ್ಡ ಪಾಠಶಾಲೆ ಇದೆ. ರಾಮನಗರದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದುಗಳ ಧಾಮವಾಯಿತು. ಅಲ್ಲಿನ ಉದ್ದ ಕೊಕ್ಕಿನ ರಣಹದ್ದು ಬೆಳಗಾದೊಡನೆ ಹಾರಿಬಿಡುವುದಿಲ್ಲ. ಬಂಡೆಯ ಅಂಚಿನಲ್ಲಿ ಕೂತು, ಬಿಸಿಲೇರಿ ಕಲ್ಲು ಕಾಯುವುದನ್ನು ಕಾದು, ಗಾಳಿ ಎದ್ದಿತೆಂದು ಗೊತ್ತಾದ ಮೇಲೆ ಅಂಚಿನಿಂದ ಜಾರಿಕೊಳ್ಳುತ್ತದೆ. ಅಷ್ಟು ಭಾರದ ಹಕ್ಕಿ ರೆಕ್ಕೆ ಬಡಿದುಕೊಂಡೇ ಮೇಲೇರಲು ಹೋದರೆ ತಿಂದದ್ದೆಲ್ಲ ಅದಕ್ಕೇ ಖರ್ಚಾಗುತ್ತದೆ. ಕೈಯಲ್ಲಿ ರಿಮೋಟ್ ಇಲ್ಲದೆ, ಬರಿಗೈಯಲ್ಲಿ ಒಮ್ಮೆ ಅಲ್ಲಿಗೆ ಹೋಗಿ ಬನ್ನಿ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧಿಯಿಂದ ದೇಶದಲ್ಲೆಲ್ಲ ಆ ಸಂತತಿ ಅಳಿವಿನ ಅಂಚಿಗೆ ಬಂತು. 2006ರಲ್ಲಿ ಅದರ ಪಶುವೈದ್ಯ ಬಳಕೆಗೆ ನಿಷೇಧ ಬಿತ್ತು. ಈ ಬೆಟ್ಟದಲ್ಲಿ ಉಳಿದಿರುವುದು ಬೆರಳೆಣಿಕೆ. ಆ ಬೆಟ್ಟದ ಹತ್ತಿರ ಯಾವ ಕಾರಣಕ್ಕೂ ಏನನ್ನೂ ಹಾರಿಸಬೇಡಿ. ಎತ್ತರದ ಬಂಡೆ ಸಿಕ್ಕಿತು, ಚೆನ್ನಾಗಿ ಗಾಳಿ ಹೊಡೆಯುತ್ತದೆ ಎಂಬ ಆಸೆ ನನಗೂ ಗೊತ್ತು. ಬೇಡ.

ಇನ್ನು ಕೈಯ ಕೆಲಸದ ಒಂದು ಸೂಕ್ಷ್ಮ. ಥರ್ಮಲ್ ಗ್ಲೈಡರಿನ ನಡುಮಧ್ಯಕ್ಕೆ ಬಂದು ತಾಗುವುದು ಅಪರೂಪ. ಸಾಮಾನ್ಯವಾಗಿ ಅದರ ಅಂಚು ಒಂದು ರೆಕ್ಕೆಗೆ ಮಾತ್ರ ತಗಲುತ್ತದೆ. ಎಡರೆಕ್ಕೆಗೆ ತಗಲಿತು ಎನ್ನಿ. ಎಡರೆಕ್ಕೆ ಮೇಲೇಳುತ್ತದೆ, ಗ್ಲೈಡರ್ ಬಲಕ್ಕೆ ವಾಲುತ್ತದೆ, ತಾನಾಗಿ ಬಲಕ್ಕೇ ತಿರುಗಿ ಹೊರಟುಹೋಗುತ್ತದೆ. ಎಂದರೆ ನಿಮಗೆ ಬೇಕಾದ ಗಾಳಿಯೇ ನಿಮ್ಮನ್ನು ಆಚೆಗೆ ದಬ್ಬಿತು. ಹೊಸಬರು ಇದನ್ನು ಗಾಳಿಯ ಹೊಡೆತ ಎಂದುಕೊಂಡು ರೆಕ್ಕೆ ಸಮ ಮಾಡಿಕೊಂಡು ಮುಂದೆ ಹೋಗುತ್ತಾರೆ. ನೀವು ಮಾಡಬೇಕಾದದ್ದು ಇಷ್ಟು: ಎದ್ದ ರೆಕ್ಕೆಯ ಕಡೆಗೇ ತಿರುಗಿಸಿ. ಎಡ ಎದ್ದರೆ ಎಡಕ್ಕೆ. ಗಟ್ಟಿಯಾಗಿ, ತಡಮಾಡದೆ. ಒಂದು ಸುತ್ತು ಪೂರ್ತಿ ಹಾಕಿ, ಸುತ್ತಿನ ಯಾವ ಭಾಗದಲ್ಲಿ ಬಾಲ ಎತ್ತಿದ ಹಾಗಾಗಿ ಗ್ಲೈಡರ್ ಚುರುಕಾಯಿತು, ಯಾವ ಭಾಗದಲ್ಲಿ ಜೋತುಬಿತ್ತು ಎಂದು ನೋಡಿ, ಮುಂದಿನ ಸುತ್ತನ್ನು ಚುರುಕಾದ ಕಡೆಗೆ ಸ್ವಲ್ಪ ಸರಿಸಿ. ಥರ್ಮಲ್ ನಿಂತಲ್ಲಿ ನಿಲ್ಲುವುದಿಲ್ಲ, ಗಾಳಿಯ ಜೊತೆ ತೇಲುತ್ತಾ ಹೋಗುತ್ತದೆ. ನಿಮ್ಮ ಸುತ್ತುಗಳೂ ಅದರ ಜೊತೆ ಸರಿಯಬೇಕು. ಆದರೆ ಎಷ್ಟು ದೂರ? ಗಾಳಿ ಬೀಸುವ ಕಡೆಗೆ ತೇಲಿಹೋದ ಗ್ಲೈಡರ್ ವಾಪಸು ಬರುವಾಗ ಎದುರುಗಾಳಿಯನ್ನು ಕೊಯ್ದುಕೊಂಡು ಬರಬೇಕು. ಹೋಗುವಾಗಿನ ಎತ್ತರ ಬರುವಾಗ ಸಾಲುವುದಿಲ್ಲ. ಕಣ್ಣಿಗೆ ರೆಕ್ಕೆಯ ವಾಲು ಸ್ಪಷ್ಟವಾಗಿ ಕಾಣುತ್ತಿರುವಾಗಲೇ, ಇನ್ನೂ ಏರುತ್ತಿದ್ದರೂ, ಬಿಟ್ಟು ಬಂದುಬಿಡಿ. ಬಿಡುವುದಕ್ಕೆ ಮನಸ್ಸು ಬರುವುದಿಲ್ಲ. ಮನಸ್ಸು ಬರದಿದ್ದಾಗಲೂ ತಿರುಗಿಸುವವರೇ ಪೈಲಟ್.

ಗ್ಲೈಡರ್ ನಿಮ್ಮ ಕಡೆಗೆ ಬರುತ್ತಿರುವಾಗ ಎಡ ಬಲ ಅದಲು ಬದಲಾಗುವುದು ಎಲ್ಲರನ್ನೂ ಕಾಡುವ ತೊಂದರೆ. ಅದಕ್ಕೆ ಹಳಬರ ಉಪಾಯ ಒಂದಿದೆ: ಎದುರಿಗೆ ಬರುವ ಗ್ಲೈಡರಿನ ಯಾವ ರೆಕ್ಕೆ ಇಳಿದಿದೆಯೋ ಕಡ್ಡಿಯನ್ನು ಆ ಕಡೆಗೇ ತಳ್ಳಿ, ಇಳಿದ ರೆಕ್ಕೆಗೆ ಊರುಗೋಲು ಕೊಟ್ಟ ಹಾಗೆ. ಯೋಚಿಸುವ ಸಮಯ ಇರುವುದಿಲ್ಲ, ಆದ್ದರಿಂದ ಮನೆಯಲ್ಲಿ ಮೊಬೈಲಿನ ಸಿಮ್ಯುಲೇಟರಿನಲ್ಲಾದರೂ ಕೈಗೆ ರೂಢಿ ಮಾಡಿಕೊಂಡು ಬನ್ನಿ.

ಕಾಲಮಾನವನ್ನೂ ಗಮನಿಸಿ. ಸಂಕ್ರಾಂತಿಗೆ ಮುಂಚಿನ ಬೆಳಗುಗಳಲ್ಲಿ ಮಂಜು, ನಿಂತ ಗಾಳಿ. ಹೊಸ ಗ್ಲೈಡರಿನ ಟ್ರಿಮ್ ನೋಡಿಕೊಳ್ಳಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಶಿವರಾತ್ರಿಯ ಆಸುಪಾಸು ಥರ್ಮಲ್ ಬಲವಾಗುತ್ತದೆ. ಯುಗಾದಿ ಕಳೆದ ಮೇಲಿನ ಮಧ್ಯಾಹ್ನಗಳು ಒರಟು. ಗಾಳಿ ಎತ್ತುವುದೂ ಜೋರು, ಒಗೆಯುವುದೂ ಜೋರು. ಹೊಸಬರು ಹನ್ನೊಂದರೊಳಗೆ ಮುಗಿಸಿಕೊಳ್ಳಿ. ಮಧ್ಯಾಹ್ನದ ಮೇಲೆ ಮೋಡ ಕಪ್ಪಾಗಿ ನಿಂತು ತಂಪು ಗಾಳಿಯ ಒಂದು ಬೀಸು ಬಂತೆಂದರೆ ಎಲ್ಲ ಇಳಿಸಿ, ಬಿಚ್ಚಿ, ಒಳಗಿಡಿ. ಬಯಲಲ್ಲಿ ಕಾರ್ಬನ್ ಕೊಳವೆ ಹಿಡಿದು ನಿಂತವರಿಗೆ ಸಿಡಿಲಿನಷ್ಟು ಹತ್ತಿರದ ಅಪಾಯ ಬೇರೆ ಇಲ್ಲ. ಆಷಾಢ ಗಾಳಿಪಟದ ಕಾಲ. ದೊಡ್ಡಬಳ್ಳಾಪುರದವರು ಉತ್ಸವ ಮಾಡುವುದೂ ಆಗಲೇ. ಪಶ್ಚಿಮದಿಂದ ಬಿಡದೆ ಹೊಡೆಯುವ ಆ ಗಾಳಿಗೆ ಹಗುರ ಗ್ಲೈಡರ್ ಹಿಂದಕ್ಕೇ ಹಾರುತ್ತದೆ. ಆಗ ತೂಕ ಕಟ್ಟಿದ ಗಟ್ಟಿ ಮಾಡೆಲ್ ಬೇಕು, ಅನುಭವದ ಕೈ ಬೇಕು. ಇಲ್ಲದವರು ಆಷಾಢದಲ್ಲಿ ರಿಪೇರಿ ಮಾಡಿಕೊಳ್ಳಿ.

ದುಡ್ಡಿನ ಮಾತು ಹೇಳಲೇಬೇಕು. ಮೊದಲ ಸಂಬಳ ಕೈಗೆ ಬಂದ ತಿಂಗಳೇ ಕಂತಿನ ಮೇಲೆ ದೊಡ್ಡ ಮೋಟಾರ್ ಗ್ಲೈಡರ್ ತರಿಸಿಕೊಳ್ಳುವ ಹುಡುಗರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಮೋಟಾರ್ ಕೆಟ್ಟದ್ದು ಎನ್ನುತ್ತಿಲ್ಲ. ಆದರೆ ಕಲಿಯುವವರ ಕೈಯಲ್ಲಿ ಅದು ಗಾಳಿಯನ್ನು ನೋಡುವ ಅಗತ್ಯವನ್ನೇ ತಪ್ಪಿಸಿಬಿಡುತ್ತದೆ. ಇಳಿಯಿತೇ, ಬಟನ್ ಒತ್ತು, ಏರಿಸು. ಹೀಗೆ ವರ್ಷಗಟ್ಟಲೆ ಹಾರಿಸಿದವರಿಗೂ ಒಂದು ಥರ್ಮಲ್ ಗುರುತು ಸಿಗದೆ ಇರುವುದುಂಟು. ಏರಿದರೆ ಬೀಪ್ ಎನ್ನುವ ವೇರಿಯೋಮೀಟರ್ ಕೂಡ ಮೊದಲ ವರ್ಷ ಬೇಡ. ನೀವು ವಾರವಿಡೀ ಡಿಸ್‌ಪ್ಲೇ ನೋಡಿ ದುಡಿಯುವವರು. ಮೈಕ್ರಾನ್ ಲೆಕ್ಕವೂ ಪರದೆಯ ಮೇಲೆ ಬರುತ್ತದೆ. ವಾರಕ್ಕೆ ಒಂದು ದಿನ ಅಳತೆಯ ಕೆಲಸ ನಿಮ್ಮ ಕಣ್ಣಿಗೂ ಕೆನ್ನೆಗೂ ಸಿಗಲಿ.

ಕೈಯಲ್ಲಿ ಎಸೆಯುವ ಫೋಮ್ ಗ್ಲೈಡರಿಂದ ಶುರು ಮಾಡಿ. ಜಾತ್ರೆಯಲ್ಲಿ, ಆಟಿಕೆ ಅಂಗಡಿಯಲ್ಲಿ ಸಿಗುವಂಥದ್ದೇ ಸಾಕು. ಅದನ್ನು ನೇರ ಹಾರುವ ಹಾಗೆ ತಿದ್ದಲು ಬಂದ ಮೇಲೆ ಎರಡು ಸಣ್ಣ ಸರ್ವೋ, ಒಂದು ರಿಸೀವರ್, ಒಂದು ಚಿಕ್ಕ ಬ್ಯಾಟರಿ ಕೂರಿಸಿ. ಆಮೇಲೆ ರೆಕ್ಕೆಯ ತುದಿ ಹಿಡಿದು ಒಂದು ಸುತ್ತು ತಿರುಗಿ ಡಿಸ್ಕಸ್ ಎಸೆಯುವ ರೀತಿ ಎಸೆಯುವ ಗ್ಲೈಡರಿಗೆ ಹೋಗಿ. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಅದರ ರೆಕ್ಕೆ ತುದಿಯಿಂದ ತುದಿಗೆ 1.5 ಮೀಟರ್ ಮೀರುವಂತಿಲ್ಲ. ಬೈಕಿನ ಹಿಂದೆ ಕಟ್ಟಿಕೊಂಡು ಬರಬಹುದು. ಮುರಿದರೆ ಕೂತಲ್ಲೇ ಕೂಡಿಸಬಹುದು.

ತೂಕದ ಸಮತೋಲವನ್ನು ಮಾತ್ರ ಯಾರ ಕೈಗೂ ಬಿಡದೆ ನೀವೇ ನೋಡಿಕೊಳ್ಳಿ. ರೆಕ್ಕೆಯ ಅಗಲವನ್ನು ಮುಂದಿನ ಅಂಚಿನಿಂದ ಅಳೆದು, ಮೂರನೆಯ ಒಂದು ಭಾಗಕ್ಕಿಂತ ಸ್ವಲ್ಪ ಮುಂದೆ, ಬುಡದ ಎರಡೂ ಕಡೆ ಪೆನ್ಸಿಲಿನಲ್ಲಿ ಗುರುತು ಹಾಕಿ. ಬ್ಯಾಟರಿ ಒಳಗೆ ಇಟ್ಟು, ಮುಚ್ಚಳ ಹಾಕಿ, ಹಾರುವಾಗ ಹೇಗಿರುತ್ತದೋ ಹಾಗೇ ಎರಡು ತೋರುಬೆರಳಿನ ತುದಿಯ ಮೇಲೆ ಆ ಗುರುತಿನಲ್ಲಿ ಎತ್ತಿ ಹಿಡಿಯಿರಿ. ಫ್ಯಾನ್ ಆರಿಸಿರಬೇಕು. ಮೂಗು ಕೂದಲಷ್ಟು ಕೆಳಗೆ ವಾಲಿ ನಿಂತರೆ ಸರಿ. ಬಾಲ ಇಳಿದರೆ ಮೂಗಿನೊಳಗೆ ಜೇಡಿಮಣ್ಣಿನ ಉಂಡೆಯೊಂದನ್ನು ಒತ್ತಿ ಮತ್ತೆ ನೋಡಿ. ಕಡಲೆಕಾಳಿನಷ್ಟು ಮಣ್ಣೂ ಫರಕು ಮಾಡುತ್ತದೆ. ಮೂಗು ಭಾರವಾದ ಗ್ಲೈಡರ್ ಸೋಮಾರಿಯಾಗಿಯಾದರೂ ಹಾರುತ್ತದೆ. ಬಾಲ ಭಾರವಾದದ್ದು ಕೈಬಿಟ್ಟೊಡನೆ ತಲೆಯೆತ್ತಿ, ನಿಂತು, ಮಗುಚಿ ಬೀಳುತ್ತದೆ. ಅದರ ಜೊತೆಗೆ ಒಂದು ಪರೀಕ್ಷೆ ಪ್ರತಿ ಸಲವೂ ಆಗಲಿ: ಗ್ಲೈಡರಿನ ಹಿಂದೆ ನಿಂತು ಕಡ್ಡಿ ಬಲಕ್ಕೆ ತಳ್ಳಿದರೆ ಬಲರೆಕ್ಕೆಯ ಹಿಂಬದಿಯ ಪಟ್ಟಿ, ಎಂದರೆ ಏಲರಾನ್, ಮೇಲೇಳಬೇಕು, ಚುಕ್ಕಾಣಿಯದಾದರೆ ಅದು ಬಲಕ್ಕೆ ತಿರುಗಬೇಕು. ಬಾಯಲ್ಲಿ ಗಟ್ಟಿಯಾಗಿ ಹೇಳಿಕೊಂಡೇ ಮಾಡಿ. ನಾಚಿಕೆ ಬೇಡ.

ಮೋಟಾರಿಗೆ ಮುಂಚೆ ಗ್ಲೈಡರ್ ಎನ್ನುವುದು ನನ್ನ ಹಟವಲ್ಲ, ವಿಮಾನದ ಚರಿತ್ರೆಯೇ ಆ ದಾರಿಯಲ್ಲಿ ಬಂದಿದೆ. ರೈಟ್ ಸಹೋದರರು 1900, 1901, 1902 ಮೂರು ವರ್ಷವೂ ಕಿಟಿ ಹಾಕ್‌ನ ಮರಳ ದಿಬ್ಬಗಳಿಗೆ ಗ್ಲೈಡರ್ ಹೊತ್ತುಕೊಂಡು ಹೋದರು. 1901ರ ಗ್ಲೈಡರ್ ಲೆಕ್ಕದಂತೆ ಎತ್ತಲಿಲ್ಲ. ಅವರು ಎಂಜಿನ್ ಹುಡುಕಿಕೊಂಡು ಹೋಗಲಿಲ್ಲ. ಸೈಕಲ್ ಅಂಗಡಿಯಲ್ಲಿ ಪುಟ್ಟದೊಂದು ಗಾಳಿಸುರಂಗ ಮಾಡಿ ರೆಕ್ಕೆಗಳ ಲೆಕ್ಕವನ್ನೇ ಹೊಸದಾಗಿ ತೆಗೆದರು. 1902ರಲ್ಲಿ ನೂರಾರು ಸಲ ಜಾರಿ ಹಿಡಿತ ಸಾಧಿಸಿದ ಮೇಲೆಯೇ 1903ರ ಡಿಸೆಂಬರ್ 17ರಂದು ಎಂಜಿನ್ ಕೂರಿಸಿ ಹಾರಿದ್ದು.

ನಮ್ಮ ಬೆಂಗಳೂರಿನದೂ ಹಾಗೇ. ಉದ್ಯಮಿ ವಾಲಚಂದ್ ಹಿರಾಚಂದ್ ಅವರು ಮೈಸೂರು ಸಂಸ್ಥಾನದ ಜೊತೆಗೂಡಿ 1940ರ ಡಿಸೆಂಬರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದರು. ಅಲ್ಲಿ ನಮ್ಮವರದೇ ವಿನ್ಯಾಸದಿಂದ ಮೊದಲು ಗಾಳಿಗೇರಿದ್ದು ಯುದ್ಧವಿಮಾನವಲ್ಲ, 1941ರಲ್ಲಿ ಹಾರಿದ ಹತ್ತು ಜನ ಕೂರುವ ಜಿ-1 ಎಂಬ ಗ್ಲೈಡರ್. ಅದನ್ನು ರೂಪಿಸಿದವರು ವಿಷ್ಣು ಮಾಧವ ಘಾಟಗೆ. ಜರ್ಮನಿಯ ಗಾಟಿಂಗನ್‌ನಲ್ಲಿ ವಾಯುಚಲನಶಾಸ್ತ್ರಜ್ಞ ಲುಡ್ವಿಗ್ ಪ್ರಾಂಟ್ಲ್ ಅವರ ಶಿಷ್ಯರಾಗಿ ಓದಿ ಬಂದವರು. 1942ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ ಕಟ್ಟಿದವರು. ಅವರೇ ಮುಂದೆ ರೂಪಿಸಿದ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಹಾರಿತು. ಎಂಜಿನ್ ಇಲ್ಲದ್ದು ಮೊದಲು, ಇರುವುದು ಆಮೇಲೆ. ಈ ಊರಿನಲ್ಲಿ ವಿಮಾನ ಕಲಿಯಲು ಬಂದ ಪ್ರತಿಯೊಬ್ಬರೂ ಘಾಟಗೆಯವರ ಹೆಸರು ತಿಳಿದಿರಬೇಕು. ಎಷ್ಟೋ ಜನಕ್ಕೆ ತಿಳಿದಿಲ್ಲ ಎಂಬುದು ನನಗೆ ನೋವಿನ ಸಂಗತಿ.

ಈಗ ನೆಲದ ವಿಷಯಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ಕಟುವಾಗಿಯೇ ಹೇಳಬೇಕು.

ಈ ಜಾಗ ನಮ್ಮದಲ್ಲ. ಇವತ್ತು ಖಾಲಿ ಇರುವ ನಿವೇಶನಕ್ಕೂ ಒಬ್ಬರು ಒಡೆಯರಿದ್ದಾರೆ. ಪಕ್ಕದ ಫ್ಯಾಕ್ಟರಿಗಳಲ್ಲಿ ಭಾನುವಾರವೂ ಕೆಲಸ ಮಾಡುವವರಿದ್ದಾರೆ, ಅಂಚಿನ ಹೊಲಗಳಲ್ಲಿ ದನ ಮೇಯಿಸುವವರಿದ್ದಾರೆ. ಕೇಳಿ ಒಪ್ಪಿಗೆ ಪಡೆದ ಜಾಗದಲ್ಲಿ ಮಾತ್ರ ಹಾರಿಸಿ, ಆ ಒಪ್ಪಿಗೆ ಒಂದು ದೂರಿಗೆ ಮುಗಿದುಹೋಗುತ್ತದೆ ಎಂಬುದನ್ನು ಮರೆಯಬೇಡಿ. ಗ್ಲೈಡರ್ ಕಾಂಪೌಂಡಿನೊಳಗೆ ಬಿದ್ದರೆ ಗೋಡೆ ಹಾರಬೇಡಿ. ಗೇಟಿಗೆ ಹೋಗಿ, "ಅಣ್ಣಾ, ನಮ್ಮದೊಂದು ವಿಮಾನ ಒಳಗೆ ಬಿದ್ದಿದೆ, ನೀವೇ ಬಂದು ತೆಗೆಸಿಕೊಡಿ" ಎಂದು ಸೆಕ್ಯುರಿಟಿಯವರನ್ನು ಕೇಳಿ. ಕೊಡದಿದ್ದರೆ ಸೋಮವಾರ ಬಂದು ಕೇಳಿ. ಒಳಗೆ ಯಾವ ರಾಸಾಯನಿಕದ ತೊಟ್ಟಿ ಇದೆಯೋ, ಯಾವ ಕರೆಂಟು ಇದೆಯೋ ನಿಮಗೆ ಗೊತ್ತಿಲ್ಲ. ನಮ್ಮ ಗ್ಲೈಡರಿಗೆ ಕ್ಯಾಮೆರಾ ಕಟ್ಟುವುದಂತೂ ಬೇಡವೇ ಬೇಡ. ಫ್ಯಾಕ್ಟರಿಯ ಮೇಲೆ ಕ್ಯಾಮೆರಾ ಹಾರಿತು ಎಂದರೆ ಆಮೇಲೆ ನೀವು ಎಷ್ಟು ಒಳ್ಳೆಯವರೆಂದು ಯಾರೂ ಕೇಳುವುದಿಲ್ಲ.

ಹೈಟೆನ್ಷನ್ ಲೈನ್ ಇರುವ ದಿಕ್ಕನ್ನು ಹಾರಾಟದ ಮೇರೆಯಿಂದ ಹೊರಗಿಡಿ. ಅಲ್ಲಿ ಸಿಕ್ಕಿಕೊಂಡ ಗ್ಲೈಡರ್ ಹೋಯಿತೆಂದೇ ಲೆಕ್ಕ. ಕೋಲು, ಹಗ್ಗ, ಕಲ್ಲು ಯಾವುದೂ ಬೇಡ. ಊರೊಳಗಿನ ಸಾಧಾರಣ ಕಂಬದ ತಂತಿಯಾದರೂ ಅಷ್ಟೆ. ಬೆಸ್ಕಾಂಗೆ 1912ಕ್ಕೆ ಫೋನ್ ಮಾಡಿ, ಲೈನ್‌ಮನ್ ಬರುವವರೆಗೆ ಕಾಯಿರಿ. ಫೋಮಿನ ಮಾಡೆಲ್ ಇನ್ನೊಂದು ಕತ್ತರಿಸಿಕೊಳ್ಳಬಹುದು.

ಹೊಲದಲ್ಲಿ ಬಿದ್ದರೆ ಪೈರಿನ ಮಧ್ಯೆ ನುಗ್ಗಬೇಡಿ. ಬದುವಿನ ಮೇಲೆ ನಿಂತು ಕರೆಯಿರಿ. "ಯಜಮಾನ್ರೇ, ಒಳಕ್ಕೆ ಬರಬಹುದಾ?" ಎಂದು ಕೇಳಿದರೆ ಬೇಡ ಎನ್ನುವವರು ಈ ಸೀಮೆಯಲ್ಲಿ ಕಡಿಮೆ. ಎಷ್ಟೋ ಸಲ ಅವರೇ ಸಾಲು ಹಿಡಿದು ನಡೆದು ತಂದುಕೊಡುತ್ತಾರೆ, ಒಮ್ಮೆ ಹಾರಿಸಿ ತೋರಿಸು ಎನ್ನುತ್ತಾರೆ. ತೋರಿಸಿ. ಹಿಪ್ಪುನೇರಳೆ ತೋಟದ ಹತ್ತಿರ ಬೀಡಿ, ಸಿಗರೇಟು, ಸ್ಪ್ರೇ ಪೇಂಟ್ ಏನೂ ಬೇಡ. ರೇಷ್ಮೆ ಹುಳು ತಂಬಾಕಿನ ಸೋಂಕಿಗೂ ಔಷಧಿಯ ಸೋಂಕಿಗೂ ಸಾಯುತ್ತದೆ. ನಿಮಗೆ ಅದು ಭಾನುವಾರದ ಆಟ, ಅವರಿಗೆ ಆ ತಿಂಗಳ ಬೆಳೆ.

ಕಾನೂನನ್ನೂ ತಿಳಿದಿರಿ. 2021ರ ಡ್ರೋನ್ ನಿಯಮಗಳು ನಮ್ಮಂಥ ಹವ್ಯಾಸದ ಮಾಡೆಲ್‌ಗಳನ್ನೂ ಒಳಗೊಳ್ಳುತ್ತವೆ: ತೂಕ 25 ಕಿಲೋ ಮೀರಬಾರದು, ಕಲಿಕೆ, ಸಂಶೋಧನೆ ಅಥವಾ ಮನರಂಜನೆಗೆ ಮಾತ್ರ ಬಳಸಬೇಕು, ಕಣ್ಣಿಗೆ ನೇರ ಕಾಣುವ ದೂರದಲ್ಲೇ ಹಾರಿಸಬೇಕು. ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ಹಸಿರು, ಹಳದಿ, ಕೆಂಪು ವಲಯಗಳಿವೆ. ಹಸಿರಿನಲ್ಲೂ 400 ಅಡಿಯವರೆಗೆ, ಎಂದರೆ ಸುಮಾರು 120 ಮೀಟರ್ ಮಾತ್ರ ಮುಕ್ತ. ಥರ್ಮಲ್ ಸಿಕ್ಕಿದ ಗ್ಲೈಡರ್ ಆ ಎತ್ತರವನ್ನು ನೋಡುನೋಡುತ್ತಲೇ ದಾಟಿಬಿಡಬಲ್ಲದು. ಬಲವಾದ ಲಿಫ್ಟಿನಿಂದ ಕೆಳಗಿಳಿಸುವುದನ್ನು ಏರಿಸುವುದಕ್ಕಿಂತ ಮೊದಲೇ ಕಲಿಯಿರಿ: ಎರಡೂ ಏಲರಾನ್ ಎತ್ತಿ ತಡೆ ಹಿಡಿಯುವುದು, ಇಲ್ಲವೇ ಥರ್ಮಲ್ ಬಿಟ್ಟು ಪಕ್ಕದ ಇಳಿಗಾಳಿಗೆ ಹೋಗುವುದು. ನಿಯಮಗಳು ಬದಲಾಗುತ್ತಿರುತ್ತವೆ, ನಕ್ಷೆಯೂ ಬದಲಾಗುತ್ತಿರುತ್ತದೆ. ಹಾರಿಸುವ ದಿನ ಬೆಳಿಗ್ಗೆ ಒಮ್ಮೆ ನೋಡಿ.

ನಮ್ಮ ಜಾಗಕ್ಕೇ ಸಂಬಂಧಪಟ್ಟ ಇನ್ನೊಂದು ಎಚ್ಚರಿಕೆ. ನಮ್ಮ ರಿಮೋಟುಗಳು 2.4 ಗಿಗಾಹರ್ಟ್ಸ್‌ನಲ್ಲಿ ಮಾತಾಡುತ್ತವೆ. ಆ ತರಂಗ ಶೀಟಿನ ಶೆಡ್ಡನ್ನು ತೂರಿಕೊಂಡು ಹೋಗುವುದಿಲ್ಲ. ಗ್ಲೈಡರ್ ಶೆಡ್ಡಿನ ಹಿಂದಕ್ಕೆ ಇಳಿದರೆ ಕಣ್ಣಿಗೂ ಇಲ್ಲ, ರೇಡಿಯೊಗೂ ಇಲ್ಲ. ಕಾರ್ಬನ್ ಮೈಯೊಳಗೆ ರಿಸೀವರಿನ ಆಂಟೆನಾ ಮಡಚಿಟ್ಟರೂ ಅದೇ ಗತಿ. ತುದಿ ಹೊರಗೆ ಬಂದಿರಲಿ. ದಿನದ ಮೊದಲ ಎಸೆತಕ್ಕೆ ಮುಂಚೆ ರೇಂಜ್ ಚೆಕ್ ತಪ್ಪಿಸಬೇಡಿ. ಲಿಥಿಯಂ ಬ್ಯಾಟರಿ ಸೆಲ್ಲಿಗೆ 4.2 ವೋಲ್ಟ್ ತುಂಬಿಸಿ, ಮಳೆ ಬಂತೆಂದು ಹಾಗೇ ವಾರಗಟ್ಟಲೆ ಬಿಡಬೇಡಿ, 3.8ರ ಆಸುಪಾಸಿಗೆ ಇಳಿಸಿಡಿ. ಊದಿಕೊಂಡದ್ದನ್ನು ಇನ್ನೊಂದು ಸಲ ಚಾರ್ಜಿಗೆ ಹಾಕಲೇಬೇಡಿ. ಪಿಜಿ ರೂಮಿನಲ್ಲಿ ಹಾಸಿಗೆಯ ಮೇಲೆ ಚಾರ್ಜಿಗೆ ಹಾಕಿ ಮಲಗುವ ಅಭ್ಯಾಸ ನಿಮ್ಮಲ್ಲಿ ಕೆಲವರಿಗಿದೆ. ಇವತ್ತೇ ಬಿಡಿ. ಆ ರೂಮಿನಲ್ಲಿ ನೀವೊಬ್ಬರೇ ಮಲಗುವುದಿಲ್ಲ.

ನೈಟ್ ಶಿಫ್ಟ್ ಮುಗಿಸಿ ನೇರವಾಗಿ ಮೈದಾನಕ್ಕೆ ಬರುವವರಿಗೆ ಬೇರೆಯಾಗಿ ಹೇಳುತ್ತೇನೆ. ಬನ್ನಿ, ನೆರಳಲ್ಲಿ ಕೂತು ನೋಡಿ, ಗಾಳಿ ಯಾವ ಕಡೆ ಎದ್ದಿತೆಂದು ಬೇರೆಯವರಿಗೆ ಕೂಗಿ ಹೇಳಿ. ರಿಮೋಟ್ ಹಿಡಿಯಬೇಡಿ. ನಿದ್ದೆಗೆಟ್ಟ ಕಣ್ಣು ರೆಕ್ಕೆಯ ವಾಲನ್ನು ತಡವಾಗಿ ಕಾಣುತ್ತದೆ. ಕಾಲು ಕಿಲೋ ತೂಕದ ಮಾಡೆಲ್ ಕೂಡ ಮೂಗು ಕೆಳಗೆ ಮಾಡಿ ಬಂದರೆ ಮನುಷ್ಯರಿಗೆ ಗಾಯ ಮಾಡುತ್ತದೆ. ಜನರ ತಲೆಯ ಮೇಲೆ, ರಸ್ತೆಯ ಮೇಲೆ ಹಾರಿಸಬಾರದು. ಇದು ನಮ್ಮ ಗುಂಪಿನಲ್ಲಿ ಚರ್ಚೆಗೆ ಇರುವ ವಿಷಯವಲ್ಲ.

ವೇಗದ ಹುಚ್ಚಿರುವವರಿಗೆ ಒಂದು ಸಂಗತಿ ಹೇಳಿ ಮುಂದೆ ಹೋಗುತ್ತೇನೆ. 2021ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಬೆಟ್ಟವೊಂದರ ಮೇಲೆ ರೇಡಿಯೊ ಗ್ಲೈಡರೊಂದು ಗಂಟೆಗೆ 880 ಕಿಲೋಮೀಟರ್ ಮೀರಿದ ವೇಗ ಮುಟ್ಟಿತು. ಎಂಜಿನ್ ಇಲ್ಲ. ಬೆಟ್ಟದ ಮೇಲೆ ಬೀಸುವ ಜೋರುಗಾಳಿಗೂ ಬೆಟ್ಟದ ಹಿಂದೆ ನಿಂತ ಗಾಳಿಗೂ ನಡುವೆ ಸುತ್ತಿ ಸುತ್ತಿ ಆ ವ್ಯತ್ಯಾಸದಿಂದಲೇ ವೇಗ ಕೂಡಿಸಿಕೊಂಡದ್ದು. ಸಮುದ್ರದ ಮೇಲೆ ಆಲ್ಬಟ್ರಾಸ್ ಹಕ್ಕಿ ದಿನಗಟ್ಟಲೆ ಹಾರುವುದೂ ಇದೇ ಯುಕ್ತಿಯಿಂದ. ವೇಗವೂ ಕೊನೆಗೆ ಗಾಳಿಯನ್ನು ಬಲ್ಲವರಿಗೇ ಸಿಕ್ಕಿತು, ನೋಡಿ.

ನಿಮ್ಮಲ್ಲಿ ಚೆನ್ನಾಗಿ ಹಾರಿಸಲು ಬಂದವರಿಗೆ ಇನ್ನೊಂದು ಕೆಲಸ ಉಂಟು. ಹೊಸಬರ ಪಕ್ಕ ನಿಲ್ಲಿ. ಕೈಯಿಂದ ರಿಮೋಟ್ ಕಿತ್ತುಕೊಳ್ಳುವ ಚಾಳಿ ಬೇಡ. ಎರಡು ರಿಮೋಟ್ ಜೋಡಿಸಿ ಒಂದನ್ನು ಅವರಿಗೆ ಕೊಡಿ, ಮಾತಿನಲ್ಲಿ ನಡೆಸಿ. "ಎಡ ರೆಕ್ಕೆ ಎದ್ದಿತು ನೋಡಮ್ಮ, ತಿರುಗಿಸು" ಎಂದು ಒಂದು ಸಲ ಹೇಳಿ, ಆ ಹುಡುಗಿ ತಿರುಗಿಸಿದ್ದು ಫಲಿಸಿ ಗ್ಲೈಡರ್ ಮೇಲೇಳತೊಡಗಿದರೆ ಆಮೇಲೆ ನೀವು ಏನೂ ಹೇಳಬೇಕಾಗಿಲ್ಲ. ಹೆಣ್ಣುಮಕ್ಕಳು ಬಂದಾಗ ಅವರಿಗೆ ಫೋಟೋ ತೆಗೆಯುವ ಕೆಲಸ ಹಚ್ಚುವುದನ್ನು ನಾನು ಕಂಡಿದ್ದೇನೆ. ಅದು ನಿಲ್ಲಬೇಕು. ಎನ್‌ಸಿಸಿ ಏರ್‌ವಿಂಗ್‌ನಲ್ಲಿ ಏರೋಮಾಡೆಲಿಂಗ್ ಕಲಿತು ಬಂದ ಹುಡುಗಿಯರು ನಮ್ಮಲ್ಲಿ ಬಹುಮಂದಿಗಿಂತ ನೀಟಾಗಿ ಬಾಲ್ಸಾ ಮರ ಕತ್ತರಿಸುತ್ತಾರೆ.

ಸುತ್ತಲ ಹಳ್ಳಿಗಳ ಸರ್ಕಾರಿ ಶಾಲೆಯ ಮಕ್ಕಳು ಸೈಕಲ್ ನಿಲ್ಲಿಸಿಕೊಂಡು ದೂರದಿಂದ ನೋಡುತ್ತಿರುತ್ತಾರೆ. ಕರೆಯಿರಿ ಅವರನ್ನು. ಮುರಿದ ಫೋಮಿನ ತುಂಡಿನಲ್ಲೇ ಅಂಗೈ ಅಗಲದ ರೆಕ್ಕೆಯೊಂದನ್ನು ಕತ್ತರಿಸಿ, ಮೂಗಿಗೆ ಜೇಡಿ ಹಚ್ಚಿ, ಅವರ ಕೈಯಲ್ಲೇ ಎಸೆಸಿ.

ಕೊನೆಗೊಂದು ತುರ್ತಿನ ಮಾತು. ಇಲ್ಲಿ ಖಾಲಿ ನಿವೇಶನಗಳು ಒಂದೊಂದಾಗಿ ತುಂಬುತ್ತಿವೆ. ಶೆಡ್ಡು ಏಳುವುದು ತಪ್ಪಲ್ಲ, ಅದಕ್ಕಾಗಿಯೇ ಈ ಪ್ರದೇಶ ಇರುವುದು, ನಿಮ್ಮ ಅನ್ನವೂ ಅಲ್ಲೇ ಇದೆ. ಆದರೆ ಹೀಗೆ ಒಬ್ಬೊಬ್ಬರ ಕೃಪೆಯಲ್ಲಿ ಅಲ್ಲಿ ಇಲ್ಲಿ ಹಾರಿಸುತ್ತಿದ್ದರೆ ಕೆಲವೇ ವರ್ಷಗಳಲ್ಲಿ ನಿಲ್ಲಲು ಜಾಗ ಇರುವುದಿಲ್ಲ. ಕೈಗಾರಿಕಾ ಬಡಾವಣೆಯ ನಕ್ಷೆಯಲ್ಲಿ ಉದ್ಯಾನಕ್ಕೆ, ಬಯಲಿಗೆ ಎಂದು ಬಿಟ್ಟ ಜಾಗ ಇರುತ್ತದೆ. ಎಲ್ಲರೂ ಸೇರಿ ಗುಂಪನ್ನು ನೋಂದಾಯಿಸಿ. ಹೈಟೆನ್ಷನ್ ಲೈನಿನಿಂದ ದೂರ ಇರುವ ಅಂಥ ಒಂದು ಬಯಲನ್ನು ಭಾನುವಾರ ಬೆಳಗಿನ ಹೊತ್ತಿಗೆ ಬಿಟ್ಟುಕೊಡಿ ಎಂದು ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಗೆ (ಕೆಐಎಡಿಬಿ) ಲಿಖಿತವಾಗಿ ಮನವಿ ಮಾಡಿ. ನಿಮ್ಮ ಕಾಲೇಜುಗಳಿಂದ, ಕಾರ್ಖಾನೆಗಳಿಂದ ಬೆಂಬಲದ ಪತ್ರ ಪಡೆಯಿರಿ. ಸುರಕ್ಷತೆಯ ನಿಯಮಗಳನ್ನು ನೀವೇ ಬರೆದು ಅದರ ಜೊತೆಗಿಡಿ. ಆಷಾಢದಲ್ಲಿ ಹೇಗೂ ಹೆಚ್ಚು ಹಾರಿಸಲಾಗುವುದಿಲ್ಲ. ಆ ಭಾನುವಾರಗಳಲ್ಲಿ ಕೂತು ಈ ಕೆಲಸ ಮುಗಿಸಿ. ಮೊದಲ ಸಹಿಗೆ ನನ್ನನ್ನು ಕರೆಯಿರಿ, ಬರುತ್ತೇನೆ.